ಕರಿಬೇವಿನ ಬುಡದ ಮಣ್ಣು

ನಮ್ಮ ಮನೆಯಲ್ಲಿ ಬಾಣಂತಿ ಕೋಣೆ ಅಂತ ಬೇರೆ ಇರಲಿಲ್ಲ. ನಡುಮನೆಗೂ ಕೊಟ್ಟಿಗೆಗೂ ಮಧ್ಯೆ ರಾಗಿ ಮೂಟೆ, ಹಾಲಿನ ಕ್ಯಾನು, ಮುರಿದ ನೊಗ ಎಲ್ಲ ತುರುಕಿದ ಒಂದು ಕತ್ತಲೆ ಕೋಣೆಯಿತ್ತು. ಹೆರಿಗೆಯೆಂದರೆ ಮೂಟೆಗಳನ್ನು ಆಚೆ ಹಾಕಿ, ನೆಲ ಸಾರಿಸಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿಬಿಟ್ಟರೆ ಅದೇ ಬಾಣಂತಿ ಕೋಣೆ. ಕಿಟಕಿ ಅಂದರೆ ಗೋಡೆಯಲ್ಲಿ ಅಂಗೈಯಗಲದ ಒಂದು ತೂತು. ಹನ್ನೊಂದು ದಿನ ಗಂಡಸರು ಆ ಹೊಸ್ತಿಲು ದಾಟುವಂತಿಲ್ಲ. ಮಗುವಿನ ಅಪ್ಪನೂ ಅಷ್ಟೆ; ಹೊರಗೆ ನಿಂತು, ಅಜ್ಜಿ ಬಟ್ಟೆಯಲ್ಲಿ ಸುತ್ತಿ ಎತ್ತಿ ತೋರಿಸಿದ ಮುಖ ನೋಡಿಕೊಂಡು ಹೋಗಬೇಕು. ಈ ಕಟ್ಟಳೆಯನ್ನು ಯಾರು ಮಾಡಿದರೋ ನನಗೆ ಗೊತ್ತಿಲ್ಲ, ಮಾಡಿದವರು ಈಗ ಎದುರಿಗೆ ಬಂದರೆ ಎರಡು ಮಾತು ಆಡದೆ ಬಿಡುವವಳಲ್ಲ ನಾನು. ಅದೊಂದು ಇರದಿದ್ದರೆ ನನ್ನ ತಂಗಿ ಸರೋಜ ಇನ್ನಷ್ಟು ವರ್ಷ ಬದುಕಿರುತ್ತಿದ್ದಳೇನೋ ಅಂತ ಈ ವಯಸ್ಸಿನಲ್ಲೂ ಅನ್ನಿಸುತ್ತದೆ. 

ನಮ್ಮೂರು ಬಂಗಾರಪೇಟೆಯಿಂದ ಅರ್ಧ ಗಂಟೆಯ ಸೈಕಲ್ ದಾರಿ. ಅಪ್ಪನದು ಹಾಲಿನ ವ್ಯಾಪಾರ. ಕೋಳಿ ಕೂಗುವ ಹೊತ್ತಿಗೆ ನಮ್ಮ ನಾಲ್ಕು ಹಸುಗಳ ಹಾಲು ಕರೆದು, ಊರಿನ ಏಳೆಂಟು ಮನೆಗಳ ಹಾಲನ್ನೂ ಕೂಡಿಸಿ ಕ್ಯಾನಿಗೆ ತುಂಬಿ, ಸ್ಟೇಷನ್ನಿಗೆ ಸೈಕಲ್ ತುಳಿದು, ಚಿನ್ನದ ಗಣಿ ಕಡೆಯ ರೈಲಿನ ಕಿಟಕಿ ಸರಳಿಗೆ ಕ್ಯಾನು ನೇತುಹಾಕಿಕೊಂಡು ಹೋಗುತ್ತಿದ್ದ. ನಂದಿದುರ್ಗ ಗಣಿಯ ಲೈನುಗಳಲ್ಲಿ, ಸಾಲಾಗಿದ್ದ ಕೆಲಸಗಾರರ ಮನೆಮನೆಗೂ ಅಳೆದು ಕೊಟ್ಟು, ಉಳಿದದ್ದನ್ನು ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಗಳಿಗೆ ಸುರಿದು, ಮಧ್ಯಾಹ್ನದ ಹೊತ್ತಿಗೆ ಖಾಲಿ ಕ್ಯಾನು ಗಲಗಲ ಅನ್ನಿಸುತ್ತ ಮನೆಗೆ ಬರುತ್ತಿದ್ದ. ಲೈನಿನಲ್ಲಿ ತಮಿಳು, ಅಜ್ಜಿಯ ಹತ್ತಿರ ಅರ್ಧ ತೆಲುಗು, ನಮ್ಮ ಹತ್ತಿರ ಕನ್ನಡ. ಮೂರರಲ್ಲೂ ಮೆತ್ತಗೆ ಮಾತಾಡುವ ಮನುಷ್ಯ. ಮನೆಯಲ್ಲಿ ಗಂಟಲಿದ್ದದ್ದು ಅಜ್ಜಿಗೆ. ಅವಳು ಅಪ್ಪನ ತಾಯಿ. ಅಷ್ಟೇ ಅಲ್ಲ, ಅಮ್ಮನಿಗೆ ತಾಯಿಯ ತಾಯಿಯೂ ಹೌದು. ಅಪ್ಪ ಮದುವೆಯಾದದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಇದು ಬಾಯಿಬಿಟ್ಟು ಹೇಳುವಂಥ ಸಂಗತಿಯೇ ಅಲ್ಲ. ಎರಡು ಮಕ್ಕಳಾದ ಮೇಲೂ ಅಮ್ಮ ಅಪ್ಪನನ್ನು ‘ಮಾವ’ ಅಂತಲೇ ಕರೆಯುತ್ತಿದ್ದಳು. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಅಮ್ಮನ ತಮ್ಮನಿಗೆ ಅಂತ ಮಾತಾಡಿ ಇಟ್ಟಿದ್ದರು. ಹೊರಗಿನ ನಂಟು ಮಾಡಿದರೆ ಮನೆಯ ಗುಟ್ಟು ಬೀದಿಗೆ ಬೀಳುತ್ತದೆ ಅನ್ನುವುದು ಅಜ್ಜಿಯ ಸಿದ್ಧಾಂತ.

ಸರೋಜ ಹುಟ್ಟಿದಾಗ ನನಗೆ ಆರು ವರ್ಷ. ಹೆಣ್ಣಾದ್ದರಿಂದ ನನಗೆ ಆ ಕೋಣೆಯೊಳಗೆ ಹೋಗಲು ಅಡ್ಡಿಯಿರಲಿಲ್ಲ. ಸೂಲಗಿತ್ತಿ ನರಸಮ್ಮ ಮಗುವನ್ನು ತೊಳೆದು ಬುಡ್ಡಿದೀಪದ ಹತ್ತಿರ ಹಿಡಿದಿದ್ದಳು. ಮಗುವಿನ ಎರಡೂ ಕೈಯಲ್ಲಿ, ಕಿರುಬೆರಳ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳು ಜೋತುಬಿದ್ದಿತ್ತು. ಅವರೆಕಾಳಿನಷ್ಟು. ಅದರ ತುದಿಗೆ ಉಗುರೂ ಇತ್ತು. ನನಗೆ ಅದು ಬಹಳ ಚೆಂದ ಕಂಡಿತು.

“ಇದೇನವ್ವ ಇದು, ಎರಡು ಕೈಗೂ ಒಂದೊಂದು ಜಾಸ್ತಿ ಕೊಟ್ಟವ್ನೆ ದ್ಯಾವ್ರು,” ಅಂದಳು ನರಸಮ್ಮ.

“ಗಂಡಾಗಿದ್ರೆ ಅದೃಷ್ಟ ಅಂತ ಊರಿಗೆಲ್ಲ ಬೆಲ್ಲ ಅಂಚ್ತಿದ್ದೆ,” ಅಂದಳು ಅಜ್ಜಿ. “ಎಣ್ಣಿಗೆ ಆರನೇ ಬೆಳ್ಳು ಬಂದ್ರೆ ಅತ್ತೆಮನೆಗೆ ಕೇಡು. ನಾಳೆ ಯಾವನು ಕಟ್ಕಂತಾನೆ ಇವುಳ್ನ?”

ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಆ ಕಡೆಯಿಂದಲೇ,

“ಇರ್ಲಿ ಬುಡವ್ವ, ಅದರ ಪಾಡಿಗದು,” ಅಂದಳು.

“ನೀನ್ ಸುಮ್ಕಿರು. ನಿಂಗೇನು ಗೊತ್ತಾಯ್ತದೆ.”

ಕುದುರೆ ಬಾಲದ ಕೂದಲಿನಿಂದ ಬುಡದಲ್ಲಿ ಬಿಗಿದು ಕಟ್ಟಿದರೆ ಹತ್ತು ದಿನದೊಳಗೆ ಒಣಗಿ ತಾನಾಗಿ ಉದುರುತ್ತದೆ, ನರಹುಲಿಗೂ ಅದೇ ಔಷಧ. ಅಜ್ಜಿ ಹೊಸ್ತಿಲಾಚೆ ನಿಂತಿದ್ದ ಅಪ್ಪನಿಗೆ, ತನ್ನ ಕತ್ತಿನ ನರಹುಲಿಗೆ ಕಟ್ಟಬೇಕು, ಬಂಗಾರಪೇಟೆ ಸ್ಟೇಷನ್ ಹತ್ತಿರದ ಜಟಕಾ ಕುದುರೆಯದು ಎರಡು ಕೂದಲು ತಂದುಕೊಡು ಅಂದಳು. ಅವಳ ಕತ್ತಿನಲ್ಲಿ ನಿಜಕ್ಕೂ ಒಂದು ನರಹುಲಿ ಇತ್ತು, ಅಪ್ಪ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಮಗಳು ಹುಟ್ಟಿದ ಖುಷಿಯಲ್ಲಿ ನನ್ನನ್ನೂ ಸೈಕಲ್ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋದ. ಜಟಕಾದ ಬಾಷಾ ತಾತ ಕುದುರೆಯ ಕಿವಿ ಸವರುತ್ತ ನಿಂತ, ಅಪ್ಪನೇ ಹಿಂದೆ ಹೋಗಿ ಬಾಲದಿಂದ ಉದ್ದನೆಯ ಎರಡು ಬಿಳಿ ಕೂದಲು ಕಿತ್ತು ನನ್ನ ಕೈಯಲ್ಲಿಟ್ಟ. “ಬೀಳಿಸ್ಬೇಡ ಮಗಾ,” ಅಂದ. ನಾನು ಮನೆಯವರೆಗೂ ಮುಷ್ಟಿ ಬಿಚ್ಚಲಿಲ್ಲ.

ಅಜ್ಜಿ ಅವತ್ತೇ ಅದನ್ನು ಮಗುವಿನ ಬೆರಳುಗಳಿಗೆ ಬಿಗಿದಳು. ಒಂಬತ್ತನೇ ದಿನ ಬೆಳಿಗ್ಗೆ ಒಂದು ಉದುರಿತು, ಸಂಜೆಗೆ ಇನ್ನೊಂದು. ಒಣಗಿದ ದ್ರಾಕ್ಷಿಯ ಹಾಗೆ ಆಗಿದ್ದವು. ಅಜ್ಜಿ ಅವನ್ನು ಅರಿಶಿನದ ಬಟ್ಟೆಯ ಚೂರಿನಲ್ಲಿ ಸುತ್ತಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕರಿಬೇವಿನ ಗಿಡದ ಬುಡದಲ್ಲಿ ಹೂತಳು. ಆಮೇಲೆ ನನ್ನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿದಳು.

“ದೀಪ ಮುಟ್ಟು. ನಿಮ್ಮಪ್ಪನ ತಾವೂ ಬಾಯಿ ಬುಡಬಾರ್ದು. ಗಂಡಸ್ರ ಬಾಯಾಗೆ ಮಾತು ನಿಲ್ಲಾಕಿಲ್ಲ, ರೈಲತ್ತಿ ಊರೂರು ತಿರುಗ್ತದೆ. ನೀನೇನಾದ್ರೂ ಯೋಳ್ಬುಟ್ರೆ ನಿನ್ ತಂಗಿ ಮದ್ವೆ ನಿಂತೋಯ್ತದೆ, ತಿಳೀತಾ?”

ನಾನು ದೀಪ ಮುಟ್ಟಿದೆ. ಹೆದರಿಕೆ ಅಂತ ಏನೂ ಆಗಲಿಲ್ಲ. ದೊಡ್ಡವರ ಗುಟ್ಟಿನಲ್ಲಿ ನನಗೂ ಪಾಲು ಸಿಕ್ಕಿತಲ್ಲ ಅನ್ನುವ ಜಂಬವೇ ಹೆಚ್ಚಾಗಿತ್ತು. ಹನ್ನೊಂದನೇ ದಿನ ಅಪ್ಪ ಮಗುವನ್ನು ಎತ್ತಿಕೊಂಡಾಗ ಕೈಯಲ್ಲಿ ಐದೈದೇ ಬೆರಳಿದ್ದವು. ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಒಂದೊಂದು ಗಂಟು ಉಳಿದಿತ್ತು, ಅಷ್ಟೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಸರೋಜ ಊರಿಗೇ ಮುದ್ದು. ಬೆಳ್ಳಗೆ, ದುಂಡಗೆ, ತೊಡೆಯಲ್ಲಿ ಮೂರು ಮಡಿಕೆ ಬಿದ್ದ ಮಗು. ಹಾಲಿನವನ ಮಗಳಲ್ಲವೇ, ಕೆನೆ ತಿಂದು ಬೆಳೆದಿದ್ದಾಳೆ ಅಂತ ಜನ ನಗುತ್ತಿದ್ದರು. ದೃಷ್ಟಿಯಾಗುತ್ತದೆ ಅಂತ ಅಜ್ಜಿ ದಿನಾ ಸಂಜೆ ಉಪ್ಪು ಮೆಣಸಿನಕಾಯಿ ನೀವಳಿಸುತ್ತಿದ್ದಳು. ಐದು ವರ್ಷವಾಗುವ ಹೊತ್ತಿಗೆ ನಗು ನಿಂತಿತು. ಮೈ ಬರೇ ಅಗಲಕ್ಕೆ ಬೆಳೆಯುತ್ತಿತ್ತು. ಎರಡು ಮುದ್ದೆ ಉಂಡು ಎದ್ದವಳು ಕೈ ಒಣಗುವ ಮೊದಲೇ ಮತ್ತೆ ಒಲೆಯ ಹತ್ತಿರ ಬರುತ್ತಿದ್ದಳು. ಕಡಿಮೆ ತಿನ್ನಿಸಿ ಅಂತ ಯಾರೋ ಅಂದರು ಅಂತ ಅಮ್ಮ ಅವಳನ್ನು ಅರ್ಧ ಮುದ್ದೆಗೆ ನಿಲ್ಲಿಸಿದಳು, ಅಜ್ಜಿ ಸೆರಗಿನಲ್ಲಿ ಬೆಲ್ಲ ಬಚ್ಚಿಟ್ಟು ಕೊಟ್ಟಳು, ಅದರ ಮೇಲೆ ಇಬ್ಬರಿಗೂ ದಿನಾ ಜಗಳ. ಒಂದು ದಿನ ನಾನು ಶಾಲೆಯಿಂದ ಬಂದಾಗ ಅವಳು ಕೊಟ್ಟಿಗೆಯಲ್ಲಿ, ಹಸುವಿಗೆ ನೆನೆಹಾಕಿದ ಕಡಲೆಕಾಯಿ ಹಿಂಡಿಯನ್ನು ಎರಡೂ ಕೈಯಲ್ಲಿ ತುಂಬಿಕೊಂಡು ತಿನ್ನುತ್ತಿದ್ದಳು. ನನಗೆ ನಾಚಿಕೆಯಿಂದ ಮೈ ಉರಿಯಿತು. ಪೊರಕೆ ಕಡ್ಡಿ ಕಿತ್ತು ಹೊಡೆದೆ, ಕಾಲ ಮೇಲೆ ಬಾಸುಂಡೆ ಬರುವ ಹಾಗೆ ಹೊಡೆದೆ.

“ಉಂಡ್ಮೇಲೂ ಅಸಿವಾಯ್ತದಕ್ಕ,” ಅಂದಳು ಅಳುತ್ತ. “ನಿಂಗೆ ಆಗಲ್ವಾ?”

ನೀರೂ ಹಾಗೆಯೇ. ಚೊಂಬು ಚೊಂಬು ಕುಡಿಯುತ್ತಿದ್ದಳು, ಚಾಪೆ ಒದ್ದೆ ಮಾಡುತ್ತಿದ್ದಳು, ಅದಕ್ಕೂ ಬೈಗುಳ. ಇನ್ನು ಕಣ್ಣಿನ ವಿಷಯ ನಮಗೆ ತಿಳಿಯುವುದೇ ತಡವಾಯಿತು. ಆಗ ನಮ್ಮ ಮನೆಯಲ್ಲಿ ಇದ್ದದ್ದು ಸೀಮೆಎಣ್ಣೆ ಬುಡ್ಡಿ. ಹೊತ್ತು ಮುಳುಗಿದ ಮೇಲೆ ಎಲ್ಲರೂ ತಡವಿಕೊಂಡೇ ಓಡಾಡುವವರು, ಅವಳೊಬ್ಬಳು ಎಡವಿದರೆ ಯಾರಿಗೆ ಗೊತ್ತಾಗಬೇಕು? ಏಳನೇ ವಯಸ್ಸಿನಲ್ಲಿ ಒಂದು ಸಂಜೆ, ದೀಪ ಹಚ್ಚಿ ಅಂಗಳದ ಕಂಬಕ್ಕೆ ತಗುಲಿಹಾಕಿದ್ದೆವು, ನನಗೆ ಕರುವಿನ ಹಣೆಯ ಬಿಳಿ ಮಚ್ಚೆಯೂ ಕಾಣುತ್ತಿತ್ತು, ಸರೋಜ ನೇರ ಹೋಗಿ ಹಸುಗಳ ಕಲ್ಲುಬಾನಿಗೆ ಬಡಿದುಕೊಂಡು ಹಲ್ಲು ಮುರಿದುಕೊಂಡಳು. ಅಜ್ಜಿ ಅವಳ ಮುಖದ ಮುಂದೆ ಕೈಯಾಡಿಸಿ ನೋಡಿ,

“ಇವುಳಿಗೆ ರೇಚೀಕಟಿ ಕಣ್ಲಾ ನಾರಾಯ್ಣ,” ಅಂದಳು ಅಪ್ಪನಿಗೆ. ತೆಲುಗಿನಲ್ಲಿ ಇರುಳುಗಣ್ಣಿಗೆ ಅನ್ನುವ ಮಾತು ಅದು. “ಮೇಕೆ ಈಲಿ ತಕ್ಕೊಂಬಾ, ಸರ್ಯೋಯ್ತದೆ.”

ಆರು ತಿಂಗಳು ಪ್ರತಿ ಭಾನುವಾರ ಮೇಕೆ ಈಲಿ ಸುಟ್ಟು ತಿನ್ನಿಸಿದರು, ನುಗ್ಗೆ ಸೊಪ್ಪಿನ ಬಸ್ಸಾರು, ಅಗಸೆ ಸೊಪ್ಪಿನ ಪಲ್ಯ ಎಲ್ಲ ಆಯಿತು. ಸರೋಜ ಚಪ್ಪರಿಸಿಕೊಂಡು ತಿಂದಳು. ಕಣ್ಣು ಹಾಗೇ ಇತ್ತು.

ಅಲ್ಲಿಂದ ಡಾಕ್ಟರುಗಳ ಬೇಟೆ ಶುರುವಾಯಿತು. ಅಮ್ಮನಿಗೆ ಹಸು, ಮನೆ ಬಿಟ್ಟು ಬರಲಾಗುತ್ತಿರಲಿಲ್ಲ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಬೋರ್ಡು ಓದಲು, ಚೀಟಿ ಇಟ್ಟುಕೊಳ್ಳಲು ನಾನು. ಎಲ್ಲ ಆಸ್ಪತ್ರೆಯ ಕಾಗದಗಳನ್ನೂ ಒಂದು ಬಟ್ಟೆ ಚೀಲದಲ್ಲಿ ಹಾಕಿ ಎದೆಗೆ ಅವುಚಿಕೊಂಡು ಹೋಗುತ್ತಿದ್ದೆ. ಮೊದಲು ಹೋದದ್ದು ರಾಬರ್ಟ್‌ಸನ್‌ಪೇಟೆಯ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ. ಅವರು ಒಳ್ಳೆಯ ಮನುಷ್ಯ, ಅವಸರವಿಲ್ಲದವರು. ನಾಲಿಗೆ, ಕಣ್ಣು, ಹೊಟ್ಟೆ ಎಲ್ಲ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು:

“ಹುಟ್ಟಿದಾಗ ಮೈಯಲ್ಲಿ ಏನಾದರೂ ಹೆಚ್ಚುಕಡಿಮೆ ಇತ್ತೇನಪ್ಪ? ಕೈ, ಕಾಲು, ತುಟಿ, ಬೆನ್ನು, ಎಲ್ಲಾದರೂ?”

“ಏನೂ ಇರ್ಲಿಲ್ಲ ಸಾ,” ಅಂದ ಅಪ್ಪ. “ಚಿನ್ನದಂಗಿದ್ಲು.”

ಆಗ ನನಗೆ ಹದಿಮೂರು ವರ್ಷ. ನನ್ನ ಬಾಯಿ ತೆರೆದಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ನನ್ನ ಬಾಯಿ ತೆರೆದಿತ್ತು, ನಾಲಿಗೆಯ ಮೇಲೆ ಮಾತು ಬಂದಿತ್ತು. ದೀಪದ ನೆನಪಾಯಿತು. ಉದುರಿ ಹೋದ ಬೆರಳಿಗೂ ಕಣ್ಣಿಗೂ ಏನು ಸಂಬಂಧ ಅಂದುಕೊಂಡೆ. ಇನ್ನೂ ನಿಜ ಹೇಳಬೇಕೆಂದರೆ, ಅಪ್ಪನ ಎದುರಿಗೆ ಅಷ್ಟು ದಿನ ಮುಚ್ಚಿಟ್ಟದ್ದು ಬಯಲಾಗುತ್ತದಲ್ಲ ಅನ್ನುವ ಭಯವೇ ದೊಡ್ಡದಾಗಿತ್ತು. ಬಾಯಿ ಮುಚ್ಚಿಕೊಂಡೆ. ಡಾಕ್ಟರು ಶಕ್ತಿಯ ಮಾತ್ರೆ, ಜಂತುಹುಳದ ಮಾತ್ರೆ ಬರೆದುಕೊಟ್ಟು, ಕಣ್ಣನ್ನು ಬೆಂಗಳೂರಿನಲ್ಲಿ ತೋರಿಸಿ ಅಂದರು.

ಬೆಂಗಳೂರಿನಲ್ಲಿ ಕಣ್ಣಿನವರು ಕಣ್ಣು ನೋಡಿದರು. ಹಿಂದಿನ ಪರದೆ ಸವೆಯುತ್ತಿದೆ, ಇದಕ್ಕೆ ಔಷಧವಿಲ್ಲ, ಇನ್ನೈದಾರು ವರ್ಷಕ್ಕೆ ಹಗಲಲ್ಲೂ ಕಾಣದೇ ಹೋಗಬಹುದು ಅಂದರು. ದಪ್ಪಕ್ಕೆ ಇನ್ನೊಂದು ಕಡೆ ಕಳಿಸಿದರು. ಅವರು ಅನ್ನ ಬಿಡಿಸಿ ಅಂದರು. ಚಾಪೆ ಒದ್ದೆ ಮಾಡುವುದಕ್ಕೆ ಮತ್ತೊಂದು ಕಡೆ. ಅವರು ಹುಡುಗಿಗೆ ಹೆದರಿಕೆ ಇರಬೇಕು, ಬೈಯಬೇಡಿ ಅಂದರು. ಯಾರನ್ನೂ ದೂರುವ ಹಾಗಿಲ್ಲ. ಅವರವರ ಮುಂದೆ ಬಂದದ್ದು ಅವಳ ಒಂದೊಂದು ತುಂಡು. ಆದರೆ ಎಲ್ಲರೂ, ಒಬ್ಬರೂ ಬಿಡದೆ, ಹುಟ್ಟಿದಾಗ ಹೇಗಿದ್ದಳು ಅಂತ ಕೇಳಿದರು. ಅಪ್ಪ ಪ್ರತಿ ಸಲವೂ ಅದೇ ಮಾತು, ಚಿನ್ನದ ಹಾಗಿದ್ದಳು. ನಾನು ಪ್ರತಿ ಸಲವೂ ಚೀಲದೊಳಗಿನ ಕಾಗದ ಜೋಡಿಸುತ್ತ ಕೂರುತ್ತಿದ್ದೆ. ಒಂದು ಸಲ ಸುಮ್ಮನಾದವಳಿಗೆ ಎರಡನೇ ಸಲ ಮಾತಾಡುವುದು ಕಷ್ಟ, ಮೂರನೇ ಸಲ ಇನ್ನೂ ಕಷ್ಟ. ಹೇಳಿದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಅಂತ ಕೇಳುತ್ತಾರಲ್ಲ.

ಒಂದೇ ಒಂದು ಸಲ ಅಮ್ಮನ ಹತ್ತಿರ ತೆಗೆದೆ. ಅವಳು ಕರಿಬೇವು ಕೀಳುತ್ತಿದ್ದಳು.

“ಅಮ್ಮ, ಆ ಬೆಳ್ಳಿನ ವಿಷ್ಯ ಡಾಕ್ಟ್ರಿಗೆ ಹೇಳ್ಬೇಕೇನೋ.”

ಅಮ್ಮ ಗಿಡದ ಕಡೆಯೇ ನೋಡುತ್ತ, “ನಿಮ್ಮಜ್ಜಿ ಸತ್ತೋಯ್ತಾಳೆ ರತ್ನಿ,” ಅಂದಳು. “ದೀಪ ಮುಟ್ಟಿದೀಯ. ಬ್ಯಾಡ.”



ಎರಡನೇ ಕ್ಲಾಸಿಗೆ ಸರೋಜಳ ಶಾಲೆ ನಿಂತಿತ್ತು, ಹಲಗೆಯ ಮೇಲಿನದು ಕಾಣುತ್ತಿರಲಿಲ್ಲ. ಹನ್ನೆರಡಾಗುವ ಹೊತ್ತಿಗೆ ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಒಂದಿಷ್ಟು ನೆರಳು ಬೆಳಕು ತಿಳಿಯುತ್ತಿತ್ತು. ಆದರೆ ಅವಳಂಥ ನಗುವ ಪ್ರಾಣಿ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಜಗುಲಿಯ ಮೇಲೆ ಕೂತು, ಅಪ್ಪನ ಕ್ಯಾನಿನ ಸದ್ದು ಊರ ಬಾಗಿಲಲ್ಲಿರುವಾಗಲೇ “ಅಪ್ಪ ಬಂತು, ಇವತ್ತು ಒಂದು ಕ್ಯಾನಲ್ಲಿ ಆಲು ಮಿಕ್ಕಯ್ತೆ” ಅನ್ನುತ್ತಿದ್ದಳು. ಸರಿಯಾಗಿಯೇ ಇರುತ್ತಿತ್ತು. ನನ್ನನ್ನಂತೂ, “ಅಕ್ಕ, ಸಿಟ್ಟು ಬಂದ್ರೆ ನೀನು ಇಮ್ಮಡಿ ಊರಿ ನಡೀತೀಯ, ನೆಲ ಅಳ್ತದೆ” ಅಂತ ಆಡಿಕೊಳ್ಳುತ್ತಿದ್ದಳು. ಬಹಳ ಸಲ ನೆಲ ಅತ್ತಿದೆ, ಪಾಪ.

ವೇಲೂರಿಗೆ ಹೋಗಿ ಅಂದದ್ದು ನಂದಿದುರ್ಗದ ಲೈನಿನ ಸೆಲ್ವಿಯಕ್ಕ, ಅಪ್ಪನಿಂದ ಇಪ್ಪತ್ತು ವರ್ಷ ಹಾಲು ತೆಗೆದುಕೊಂಡವಳು. ಗಂಡನ ಎದೆಯಲ್ಲಿ ಗಣಿಯ ಧೂಳು ಕೂತಾಗ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು.

“ಅಣ್ಣೇ, ಇಂಗೆ ಅಂಗೆ ಅಲೆಯಾದೀಂಗ. ವೇಲೂರ್ ಪೋಂಗ,” ಅಂದಳಂತೆ. ಅಲ್ಲಿ ಇಲ್ಲಿ ಅಲೆಯಬೇಡ, ಅಲ್ಲಿ ಎಲ್ಲ ಡಾಕ್ಟರೂ ಒಂದೇ ಕಡೆ ಕೂತು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ ಅಂತ.

ಬಂಗಾರಪೇಟೆಯಲ್ಲಿ ಮದ್ರಾಸ್ ಕಡೆಯ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೇಲೂರು ಸೇರಿದೆವು. ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ರಕ್ತ, ಮೂತ್ರ, ಕಣ್ಣು ಎಲ್ಲ ಪರೀಕ್ಷೆಯಾಗಿ, ನಾಲ್ಕನೇ ದಿನ ಬೆಳಿಗ್ಗೆ ನಮ್ಮನ್ನು ಒಬ್ಬ ಹೆಂಗಸು ಡಾಕ್ಟರ ಹತ್ತಿರ ಕೂರಿಸಿದರು. ನರೆತ ತಲೆ, ನೂಲಿನ ಸೀರೆ, ಕೈಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟಿಕೊಂಡಿದ್ದರು. ಕಾಗದಗಳನ್ನು ಒಂದು ಸಲ ನೋಡಿ ಬದಿಗಿಟ್ಟರು. ಸರೋಜಳ ಎರಡೂ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಅವಳ ಅಂಗೈಯ ಹೊರ ಅಂಚನ್ನು ಮೆಲ್ಲಗೆ ಸವರಿಕೊಂಡು ಬಂದರು. ಕಿರುಬೆರಳ ಬುಡದಲ್ಲಿ ನಿಂತರು. ಇನ್ನೊಂದು ಕೈಯಲ್ಲೂ ಅಲ್ಲೇ ನಿಂತರು.

“ಇಲ್ಲಿ ಬೆರಳು ಇತ್ತಾ?” ಅಂತ ತಮಿಳಿನಲ್ಲಿ ಕೇಳಿದರು.

ಅಪ್ಪ ನಕ್ಕ. ಇಲ್ಲಮ್ಮ, ಅದು ಹುಟ್ಟಿನಿಂದ ಬಂದ ಗಂಟು, ಹುಟ್ಟಿದಾಗ ಚಿನ್ನದ ಹಾಗಿದ್ದಳು ಅಂತ, ಐದು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ತಮಿಳಿನಲ್ಲಿ ಹೇಳಿದ. ಡಾಕ್ಟರು ಅವನ ಮಾತು ಮುಗಿಯುವವರೆಗೆ ಕಾದು, ನನ್ನ ಕಡೆ ತಿರುಗಿದರು. ಯಾಕೆ ತಿರುಗಿದರೋ ಗೊತ್ತಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ.

“ಇತ್ತು,” ಅಂದೆ. “ಎರಡು ಕೈಗೂ ಇತ್ತು. ಅಜ್ಜಿ ಕುದುರೆ ಕೂದಲು ಕಟ್ಟಿ ಉದುರಿಸಿದಳು.”

ಅಪ್ಪ ನನ್ನನ್ನು ನೋಡಿದ.  ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ.

“ನರೂಲಿಗೆ ಅಂದಿದ್ಲು,” ಅಂದ. “ನಾನೇ ಕಿತ್ಕೊಟ್ಟೆ.”

ಡಾಕ್ಟರು ಎದ್ದು ಹೋಗಿ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಐದು ವರ್ಷ ಯಾರಿಗೂ ಹೆಸರು ಸಿಗದ ಕಾಯಿಲೆಗೆ ಐದು ನಿಮಿಷದಲ್ಲಿ ಹೆಸರು ಸಿಕ್ಕಿತು, ಪರದೇಶದ ಡಾಕ್ಟರುಗಳ ಹೆಸರನ್ನು ಒಂದಕ್ಕೊಂದು ಪೋಣಿಸಿದಂಥ ಹೆಸರು. ಲಕ್ಷಕ್ಕೊಬ್ಬರಿಗೂ ಬರುವುದಿಲ್ಲವಂತೆ. ಆರನೇ ಬೆರಳು, ಸವೆಯುವ ಕಣ್ಣು, ಇಳಿಯದ ಮೈ, ತೀರದ ಹಸಿವು, ತೀರದ ಬಾಯಾರಿಕೆ, ಎಲ್ಲ ಒಂದೇ ಬೇರಿನವು. ಹಸಿವೂ ಕಾಯಿಲೆಯೇ ಅಂದಾಗ ನನಗೆ ಕೊಟ್ಟಿಗೆ, ಪೊರಕೆ ಕಡ್ಡಿ ನೆನಪಾಗಿ ಅಲ್ಲೇ ಸಾಯಬಾರದೇ ಅನ್ನಿಸಿತು. ಗಂಡ ಹೆಂಡತಿ ಸಂಬಂಧದಲ್ಲೇನು ಅಂತ ಕೇಳಿದರು. ಅಪ್ಪ, ಸ್ವಂತ ಅಕ್ಕನ ಮಗಳು ಅಂದ. ಹಾಗಾದರೆ ಈ ದೊಡ್ಡ ಹುಡುಗಿಯನ್ನು ಸಂಬಂಧದೊಳಗೇ ಕೊಡಬೇಡಿ ಅಂದರು ನನ್ನನ್ನು ತೋರಿಸಿ. ಕೊನೆಗೆ ರಕ್ತದ ಕಾಗದ ತೆಗೆದು, ಮೂತ್ರಪಿಂಡಗಳು ಎರಡೂ ಬಹಳ ಸೋತಿವೆ ಅಂದರು. ಅಪ್ಪ ಕೇಳಲೇಬಾರದಿದ್ದ ಪ್ರಶ್ನೆ ಕೇಳಿದ: ಮೊದಲೇ ಗೊತ್ತಾಗಿದ್ದರೆ? ಕಣ್ಣಿಗೆ ಏನೂ ಮಾಡಲಾಗುತ್ತಿರಲಿಲ್ಲ, ಮೂತ್ರಪಿಂಡವನ್ನು ಚಿಕ್ಕಂದಿನಿಂದ ನೋಡಿಕೊಂಡು ಬಂದಿದ್ದರೆ ಇನ್ನಷ್ಟು ವರ್ಷ ಸಿಗುತ್ತಿತ್ತೇನೋ ಅಂದರು. 

ವಾಪಸು ರೈಲಿನಲ್ಲಿ ಸರೋಜ ಒಂದೊಂದೇ ಬೆರಳು ಮುಟ್ಟಿ ಎಣಿಸಿಕೊಳ್ಳುತ್ತಿದ್ದಳು. ಹತ್ತಕ್ಕೆ ನಿಲ್ಲಿಸಿ, ಆ ಗಂಟನ್ನು ಹಿಸುಕಿ, ಮತ್ತೆ ಮೊದಲಿನಿಂದ.

“ಅಂಗಾರೆ ನಂಗೆ ಎಲ್ರಿಗಿಂತ ಎರಡು ಜಾಸ್ತಿ ಇದ್ವಾ ಅಕ್ಕ?” ಅಂದಳು. ಅವಳ ಮುಖದಲ್ಲಿ ಖುಷಿಯಿತ್ತು. ಜನ್ಮದಲ್ಲಿ ಮೊದಲ ಸಲ ತನ್ನ ಹತ್ತಿರ ಎಲ್ಲರಿಗಿಂತ ಹೆಚ್ಚಾಗಿ ಏನೋ ಇತ್ತು ಅಂತ ಕೇಳಿದ್ದಳು. “ಈಗೆಲ್ಲವೆ ಅವು?”

“ಮನೇಲಿ,” ಅಂದೆ. “ಕರಿಬೇವಿನ ಬುಡದಲ್ಲಿ.”

ಬಂಗಾರಪೇಟೆಯಲ್ಲಿ ಇಳಿದೆವು. ಜಟಕಾ ನಿಲ್ಲುತ್ತಿದ್ದ ಜಾಗದಲ್ಲಿ ಆಟೋಗಳು ನಿಂತಿದ್ದವು. ಅಪ್ಪ ಅಲ್ಲಿ ಸ್ವಲ್ಪ ಹೊತ್ತು ನಿಂತ. ನನ್ನ ಮುಖ ನೋಡದೆ, ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದ:

“ಇಷ್ಟೂ ಆಸ್ಪತ್ರೇಲೂ ನೀನು ನನ್ ಪಕ್ಕದಾಗೇ ಕೂತಿದ್ದೆಯಲ್ಲ ಮಗಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದೊಂದು ಮಾತು ಇವತ್ತಿಗೂ ನನ್ನ ಪಕ್ಕದಲ್ಲೇ ಕೂತಿದೆ.

ಮನೆಯಲ್ಲಿ ಅಪ್ಪ ಅಜ್ಜಿಯ ಮೇಲೂ ಕೂಗಾಡಲಿಲ್ಲ. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದ.  ಅಜ್ಜಿ ಒಪ್ಪಲಿಲ್ಲ.

“ಎಲ್ಲಿಯ ಬೆಳ್ಳು, ಎಲ್ಲಿಯ ಉಚ್ಚೆ! ಅದುಕ್ಕೂ ಇದುಕ್ಕೂ ಏನ್ಲಾ ನಂಟು? ಎಣ್ಮಗ ಒಂದು ಮನೆ ಸೇರ್ಲಿ ಅಂತ ಮಾಡ್ದೆ. ತಪ್ಪಾ?”

 ಅವತ್ತಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟ. ತಟ್ಟೆಗೆ ಮುದ್ದೆ ಹಾಕಿದರೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ಅಮ್ಮನ ತಮ್ಮನಿಗೆ ನನ್ನನ್ನು ಕೊಡುವುದಿಲ್ಲ ಅಂತ ತಾನೇ ಹೋಗಿ ಹೇಳಿ ಬಂದ. ತವರಿನವರು ಬಾಗಿಲಿಗೆ ಬಂದು ಕೂಗಾಡಿದರು, ಅಮ್ಮನಿಗೆ ತವರು ತಪ್ಪಿತು. ನನ್ನ ಬದುಕು ಬೇರೆ ದಾರಿ ಹಿಡಿದದ್ದು ಹಾಗೆ. ಟೀಚರ್ ಟ್ರೈನಿಂಗು, ಕೆಲಸ, ಹೊರಗಿನ ಮದುವೆ ಎಲ್ಲ ನನಗೆ ಸಿಕ್ಕಿದ್ದು ಸರೋಜಳ ಲೆಕ್ಕದಲ್ಲಿ ಅನ್ನುವುದನ್ನು ನಾನು ಮರೆತಿಲ್ಲ. ತರಗತಿಯಲ್ಲಿ ಯಾವುದಾದರೂ ಮಗು ಬಾಯಿ ತೆರೆದು ಮುಚ್ಚಿಕೊಂಡರೆ, ಅದು ಏನು ಹೇಳಹೊರಟಿತ್ತು ಅಂತ ತಿಳಿಯದೆ ಮೂವತ್ತು ವರ್ಷದಲ್ಲಿ ಒಂದು ದಿನವೂ ನಾನು ಬೆಲ್ ಹೊಡೆಸಲಿಲ್ಲ.

ವೇಲೂರಿನಿಂದ ಬಂದ ಮೇಲೆ ಸರೋಜ ಎರಡು ವರ್ಷ ಇದ್ದಳು. ಮಾತ್ರೆ, ಉಪ್ಪಿಲ್ಲದ ಊಟ, ತಿಂಗಳಿಗೊಮ್ಮೆ ವೇಲೂರು. ನಾನು ಅವಳ ಪಕ್ಕ ಕೂತು ಕೈತುತ್ತು ಹಾಕುತ್ತಿದ್ದೆ, ಹಸಿವು ಅಂದರೆ ಬೈಯುತ್ತಿರಲಿಲ್ಲ, ಕಥೆ ಹೇಳಿ ಮರೆಸುತ್ತಿದ್ದೆ. ಕೊನೆಯ ತಿಂಗಳಲ್ಲಿ ಕೈಕಾಲು ಊದಿಕೊಂಡವು. ನೀರು ಅಳೆದು ಕೊಡಿ ಅಂದಿದ್ದರು. ಚೊಂಬು ಚೊಂಬು ಕುಡಿಯುತ್ತಿದ್ದವಳಿಗೆ ದಿನಕ್ಕೆ ಎರಡು ಲೋಟ. ಅವಳು ಕೇಳುವುದು, ನಾವು ಇಲ್ಲ ಅನ್ನುವುದು. ಅಂಥ ಪಾಪದ ಕೆಲಸ ಯಾರಿಗೂ ಬರಬಾರದು. ಅವರೆಕಾಯಿ ಕಾಲ, ಮನೆ ತುಂಬ ಸೊಗಡಿನ ವಾಸನೆ. ಅಮ್ಮ ಹಿಚುಕಿದ ಅವರೆಯ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸರೋಜ ಜಗುಲಿಯ ಚಾಪೆಯ ಮೇಲಿಂದ,

“ಅಪ್ಪನ ಕ್ಯಾನು ಬಂತಾ ಅಕ್ಕ?” ಅಂದಳು.

“ಇನ್ನೂ ಇಲ್ಲ, ಬರ್ತದೆ,” ಅಂದೆ. ಬರುವ ಹೊತ್ತಿಗೆ ಅವಳಿರಲಿಲ್ಲ. ಅಪ್ಪನಿಗೆ ಊರ ಬಾಗಿಲಲ್ಲೇ ಯಾರೋ ಹೇಳಿದ್ದರು. ಅವನು ಕ್ಯಾನು ಸದ್ದಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಸೈಕಲ್ ಬಿಟ್ಟು, ನಡೆದುಕೊಂಡು ಬಂದ.

ನಮ್ಮ ಹೊಲದ ಮೂಲೆಯಲ್ಲಿ ಗುಂಡಿ ತೋಡಿದರು. ನಮ್ಮಲ್ಲಿ ಹೆಂಗಸರು ಗುಂಡಿಯ ಹತ್ತಿರ ಹೋಗುವುದಿಲ್ಲ, ಬದುವಿನ ಮೇಲೆ ನಿಂತು ಅಳಬೇಕು. ಅಜ್ಜಿ ಅಲ್ಲಿರಲಿಲ್ಲ. ನಡೆಯಲಾಗದೆ ಮನೆಯಲ್ಲೇ ಉಳಿದಳೇನೋ ಅಂದುಕೊಂಡೆವು. ಸರೋಜಳನ್ನು ಒಳಗೆ ಮಲಗಿಸಿ, ಅಪ್ಪ ಮೊದಲ ಹಿಡಿ ಮಣ್ಣು ಹಾಕಲು ಬಗ್ಗಿದ್ದ. ಆಗ ಅಜ್ಜಿ ಬಂದಳು. ಕೋಲೂರಿಕೊಂಡು, ಸೆರಗಿನ ಗಂಟನ್ನು ಎದೆಗೆ ಒತ್ತಿಕೊಂಡು, ನಮ್ಮನ್ನೆಲ್ಲ ದಾಟಿ ನೇರ ಗುಂಡಿಯ ಅಂಚಿಗೆ ನಡೆದಳು. ಒಬ್ಬಿಬ್ಬರು ಹಿರಿಯರು ಬೇಡ ಅಂದರು. ಅವಳ ಕೈ ಮೊಣಕೈಯವರೆಗೂ ಮಣ್ಣಾಗಿತ್ತು, ಉಗುರು ಕಿತ್ತು ರಕ್ತ ಬಂದಿತ್ತು. ಮಂಡಿಯೂರಿ ಕೂತು ಸೆರಗು ಬಿಚ್ಚಿದಳು. ಕರಿಬೇವಿನ ಬುಡದ ಕಪ್ಪು ಮಣ್ಣು, ಅದರಲ್ಲಿ ಎಳೆಬೇರಿನ ಚೂರುಗಳು. ಒಂದು ಬೊಗಸೆ ಸರೋಜಳ ಬಲಗೈಯ ಪಕ್ಕಕ್ಕೆ ಹಾಕಿದಳು, ಒಂದು ಬೊಗಸೆ ಎಡಗೈಯ ಪಕ್ಕಕ್ಕೆ.

“ಮಗ ಪೂರ್ತಿ ಓಗ್ಲಿ ಕಣ್ಲಾ ನಾರಾಯ್ಣ,” ಅಂದಳು. “ಅಲ್ಲಿ ಯಾರಾದ್ರೂ ಕೇಳಿದ್ರೆ, ಅನ್ನೆರಡು ಬೆಳ್ಳೂ ತೋರಿಸ್ಲಿ.”

ಅವಳಿಗೆ ಏಳಲಾಗಲಿಲ್ಲ. ಎರಡು ವರ್ಷದಿಂದ ಅವಳ ಹತ್ತಿರ ಮಾತಾಡದಿದ್ದ ಅಪ್ಪ, “ಏಳವ್ವ,” ಅಂದು ಎರಡೂ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿದ. ಅಜ್ಜಿಯ ಮೇಲೆ ನನಗಿದ್ದ ಸಿಟ್ಟು ಅವತ್ತು ಆ ಹೊಲದಲ್ಲೇ ಹೋಯಿತು. ನನ್ನ ಮೇಲಿನದು ಇನ್ನೂ ಹೋಗಿಲ್ಲ.